ಚುಕ್ಕೆ ಹಾಕದ ಪ್ರಶ್ನೆ

ಸಂಸದೀಯ ರಾಜಕಾರಣವನ್ನು ಇಪ್ಪತ್ತೈದು ವರ್ಷ ಪಾಠ ಮಾಡಿದ ಸುಜಾತಾಳಿಗೆ ಲೋಕಸಭೆಯ ನಿಯಮಗಳೆಲ್ಲ ಬಾಯಿಪಾಠ. ಪಿಎಚ್‌.ಡಿ. ಮಾಡಿದ್ದೂ ಪ್ರಶ್ನೋತ್ತರ ಅವಧಿಯ ಮೇಲೆಯೇ. ಅಂಥವಳು ಒಂದೇ ಒಂದು ಪ್ರಶ್ನೆಯಲ್ಲಿ ಫೇಲಾಗಿದ್ದಳು ಅಂದರೆ ಧಾರವಾಡದಲ್ಲಿ ಯಾರೂ ನಂಬುವುದಿಲ್ಲ.

ಆ ದಿನ ಅವಳ ಕಾಲೇಜಿನಲ್ಲಿ ಯುವ ಸಂಸತ್ತು. ತೀರ್ಪು ಹೇಳಲು ಮೈಸೂರಿನಿಂದ ಪ್ರೊಫೆಸರ್ ಶಶಿಕುಮಾರ ಬಂದಿದ್ದ. ಎಂ.ಎ.ಯಲ್ಲಿ ಸುಜಾತಾಳ ಸಹಪಾಠಿ. ಆಗಿನ ಅಣಕು ಸಂಸತ್ತಿನಲ್ಲಿ ಅವಳು ಮಂತ್ರಿ, ಅವನು ವಿರೋಧ ಪಕ್ಷದ ನಾಯಕ. ಈಗ ತಲೆ ಅರ್ಧ ನೆರೆತಿತ್ತು. ಕನ್ನಡಕದ ಮೇಲಿಂದ ಇಣುಕಿ ನೋಡುವ ಚಟ ಮಾತ್ರ ಹಾಗೇ ಇತ್ತು. ಹಾಳಾದ್ದು, ಅವಳೆದೆ ಈಗಲೂ ಧಸಕ್ಕೆಂದಿತು.

ಒಬ್ಬ ಹುಡುಗಿ ಚೀಟಿ ಹಿಡಿದು ನಿಂತಳು. "ಸರ್, ಪ್ರಶ್ನಿಗೆ ಚುಕ್ಕಿ ಹಾಕಬೇಕೇನ್ರಿ?"

"ಚುಕ್ಕಿ ಹಾಕಿದ್ರ ಮಂತ್ರಿ ಎದ್ದು ನಿಂತು ಬಾಯಿಲೇ ಉತ್ತರ ಕೊಡಬೇಕವ್ವಾ. ಹಾಕಲಿಲ್ಲಂದ್ರ ಬರದು ಕೊಡ್ತಾರ." ಶಶಿಕುಮಾರನ ಕಣ್ಣು ಸುಜಾತಾಳ ಕಡೆ ಹೊರಳಿತು. "ಕೆಲವು ಮಂತ್ರಿಗಳು ಬರದೂ ಕೊಡೂದಿಲ್ಲ, ಆ ಮಾತು ಬ್ಯಾರೆ."

ಹುಡುಗರು ನಕ್ಕರು. ಸುಜಾತಾ ನಗಲಿಲ್ಲ.

ಅವನ ರೈಲಿಗೆ ಇನ್ನೂ ಎರಡು ತಾಸಿತ್ತು. ಸ್ಕೂಟಿಯಲ್ಲಿ ಕೂರಿಸಿಕೊಂಡು ಕೆಲಗೇರಿ ಕೆರೆಗೆ ಕರೆದೊಯ್ದಳು. ಆಗ ಸಪ್ತಾಪುರದ ರೂಮುಗಳಿಂದ ಗೆಳೆಯರೆಲ್ಲ ಇಲ್ಲಿಗೆ ನಡೆದು ಬರುತ್ತಿದ್ದರು. ಗಿರ್ಮಿಟ್ ತಿನ್ನುತ್ತ ಸರ್ಕಾರಗಳನ್ನು ಬೀಳಿಸುತ್ತಿದ್ದರು. ಅವನು ತನ್ನ ಮಿರ್ಚಿ ಅರ್ಧ ಮುರಿದು ಅವಳ ಪೊಟ್ಟಣಕ್ಕೆ ಹಾಕುತ್ತಿದ್ದ. ಎಂಥ ದಿನಗಳವು!

"ಮುಂದಿನ ವಾರ ದಿಲ್ಲಿಗೆ ಹೊಂಟೇನಿ," ಅಂದ. "ಐದು ವರ್ಷದ ಸಂಶೋಧನಾ ಕೆಲಸ. ಇನ್ನ ಈ ಕಡೆ ಬರೂದು ಆಗಲಿಕ್ಕಿಲ್ಲ."

ಇವನನ್ನು ಮತ್ತೆ ಕಳೆದುಕೊಳ್ಳುತ್ತೇನಲ್ಲ ಎಂದು ಅವಳಿಗೆ ಸಂಕಟವಾಯಿತು. "ಅಲ್ಲೆ ಹುಡುಗರ ಮುಂದ ಅದೇನ ಮಾತಾಡಿದ್ರಿ?"

"ಖರೇನ ಹೇಳಿದೆ. ಎಂ.ಎ. ಕಡೀ ದಿವಸ ನಿಮ್ಮ ಕೈಯಾಗ ಚೀಟಿ ಇಟ್ಟಿದ್ನಲ್ಲ? 'ಮಾನ್ಯ ಮಂತ್ರಿಗಳು ವಿರೋಧ ಪಕ್ಷದ ನಾಯಕನನ್ನು ಮದುವೆಯಾಗುವರೇ?' ನಮ್ಮೂರು ಶಿರಗುಪ್ಪ್ಯಾಗ ಕುಂತು ಎರಡು ವರ್ಷ ನಿಮ್ಮ ಕಾಗದದ ಹಾದಿ ಕಾದೆ."

"ಅಯ್ಯ! ಅದಕ್ಕ ಚುಕ್ಕಿ ಇರಲಿಲ್ಲಲ್ಲ! ಖರೇ ಕೇಳೂ ಮನಶ್ಯಾ ಚುಕ್ಕಿ ಹಾಕಿ ಎದುರು ನಿಂತು ಕೇಳತಿದ್ದ ಅಂತ ನಾ ತಿಳದೆ. ಚ್ಯಾಷ್ಟಿ ಮಾಡ್ಯಾನ ಅಂತ ವಾರಗಟ್ಟಲೆ ಅತ್ತೇನಿ."

"ಎದುರಿಗೆ ಒಲ್ಲೆ ಅಂದಿದ್ರ ತಡಕೊಳ್ಳಾಕ ಆಗ್ತಿರಲಿಲ್ಲರಿ. ಅದಕ್ಕ ಹಾಕಲಿಲ್ಲ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆಯಲ್ಲಿ ಬಿದ್ದಿತಂತೆ! ಚುಕ್ಕೆ ಇಲ್ಲದ ಪ್ರಶ್ನೆಗೂ ಬರೆದು ಉತ್ತರ ಕೊಡಲೇಬೇಕೆಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಕಲಿಸಿದ್ದಳು, ಪುಣ್ಯಾತ್ಗಿತ್ತಿ.

"ಆಮ್ಯಾಲೆ ಅವ್ವ ನೋಡಿದ ಹುಡುಗಿ ಕೂಡ ಲಗ್ನ ಆತು," ಅಂದ ಮೆಲ್ಲಗೆ. "ಭಾಳ ಛಲೋ ಹೆಣ್ಣುಮಗಳು. ಆಕಿ ತೀರಿಕೊಂಡು ಒಂಬತ್ತು ವರ್ಷ ಆತು."

ಸುಜಾತಾಳಿಗೆ ಪಾಪ ಅನ್ನಿಸಿತು, ಹೊಟ್ಟೆಕಿಚ್ಚೂ ಆಯಿತು. ತನಗೆ ಬಂದ ಸಂಬಂಧಗಳನ್ನೆಲ್ಲ ಥೀಸಿಸ್ ನೆಪ ಹೇಳಿ ವಾಪಸು ಕಳಿಸಿದ್ದಳು.

ಅವನು ವಾಚು ನೋಡಿದ. "ಹೊತ್ತಾತು, ಸ್ಟೇಶನ್ನಿಗೆ ಬಿಡ್ತೀರೇನು?"

"ಹೊತ್ತಾತಂತ! ಈಗೂ ಕೇಳದ ಹೊಂಟೀ ಏನು ನೀ?"

'ನೀ' ಎಂಬುದು ಬಾಯಿಗೆ ಬಂದದ್ದು ಅದೇ ಮೊದಲು. ಅವನು ಎದ್ದು ನಿಂತ. ಕನ್ನಡಕ ತೆಗೆದ.

"ಸುಜಾತಾ, ನನ್ನ ಲಗ್ನ ಆಗ್ತೀ?"

ತಾಸುಗಟ್ಟಲೆ ಲೆಕ್ಚರ್ ಕೊಡುವವಳ ಬಾಯಿಗೆ ಬಂದದ್ದು ಇಷ್ಟೇ: "ನನಗ ರೊಟ್ಟಿ ಬಡಿಯಾಕ ಬರೂದಿಲ್ಲ. ಇಷ್ಟು ವರ್ಷ ಖಾನಾವಳಿ ಊಟಾನ."

"ನನಗ ಬರ್ತದ. ನೀ ಹೂಂ ಅಂತೀಯೋ ಇಲ್ಲೋ?"

"ಹೂಂ," ಅಂದಳು. ದನಿ ತೀರ ಸಣ್ಣದಾಯಿತೆಂದು, "ಆಗ್ತೇನಿ!" ಎಂದು ಗಟ್ಟಿಯಾಗಿ ಅಂದಳು. ದಂಡೆಯ ಮೇಲೆ ವಾಕಿಂಗ್ ಬಂದವರು ತಿರುಗಿ ನೋಡಿದರು. ನೋಡಲಿ ಬಿಡು ಎಂದುಕೊಂಡು ಅವನ ಕೈ ಹಿಡಿದಳು.