ಕತ್ತರಿಸಿ ಕೊಟ್ಟ ಎರಡು ಮಾತ್ರೆ

ಮಧ್ಯಾಹ್ನ ಎರಡು ಗಂಟೆ. ಏಪ್ರಿಲ್ ತಿಂಗಳ ಉರಿಬಿಸಿಲು. ಮಲ್ಲತ್ತಹಳ್ಳಿ ಕೆರೆಯ ರಸ್ತೆಯಲ್ಲಿ ನಾಯಿಗಳು ಕೂಡ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ, ಮಳೆಕೋಟು ಹಾಕಿಕೊಂಡ ಆರಡಿ ಆಳೊಬ್ಬ ಮೆಡಿಕಲ್ ಸ್ಟೋರಿನ ಕೌಂಟರಿಗೆ ಬಂದು ಎರಡೂ ಕೈ ಊರಿ ನಿಂತ!

ಬಿಂದುಶ್ರೀಯ ಎದೆ ಧಸಕ್ಕೆಂದಿತು. ಅಂಗಡಿಯಲ್ಲಿ ಅವಳೊಬ್ಬಳೇ. ಮಾಲೀಕ ಯೋಗಾನಂದ ಊಟಕ್ಕೆ ಹೋಗಿದ್ದ.

ಬಂದವನ ಗಲ್ಲದಿಂದ ಬೆವರು ಕೌಂಟರಿನ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ತುಟಿ ಒಡೆದು ಬೆಳ್ಳಗಾಗಿತ್ತು.

"ಏ... ಏನ್ ಬೇಕು ಸಾರ್?"

"ತೂಕ... ತೂಕ ಇಳಿಯೋ ಮಾತ್ರಿ ಏನರ ಅದಾವೇನ್ರಿ?"

"ಹಾಗೆಲ್ಲಾ ಕೊಡಕ್ಕಾಗಲ್ಲ. ಡಾಕ್ಟರ್ ಚೀಟಿ ಬೇಕು. ಮೊದಲು ಆ ಕೋಟ್ ಬಿಚ್ಚಿ, ನೀರು ಕುಡೀರಿ!"

"ನೀರ್ ಕುಡಿಯೂ ಹಂಗಿಲ್ರಿ." ಅವನು ನಗಲು ನೋಡಿದ. ತುಟಿ ಸೀಳಿ ರಕ್ತ ಬಂತು. "ನಾಳೆ ಮುಂಜಾನೆ ತೂಕ ಹಾಕ್ತಾರ. ಎಂಬತ್ತೈದು ಕಿಲೋ ಮ್ಯಾಲೆ ಇದ್ರ ಟೀಮಿನಿಂದ ಹೊರಗ. ಬೆವರು ಇಳೀಲಿ ಅಂತ ಈ ಕೋಟ್ ಹಾಕ್ಕೊಂಡು ಕೆರಿ ಸುತ್ತ ಎಂಟು ಸುತ್ತ ಓಡೀನಿ. ಇನ್ನೂ ಆರನೂರು ಗ್ರಾಂ ಉಳದೈತಿ. ಇಲ್ಲಾಂದ್ರ ಮತ್ತ ಓಡ್ತೀನಿ, ಏನ್ ಮಾಡೂದು..."

ಅವನ ಹೆಸರು ಬಾಳೇಶ. ಗೋಕಾಕ ಕಡೆಯವನು, ಕಬಡ್ಡಿ ರೈಡರ್. ಹೆಗ್ಗನಹಳ್ಳಿಯಲ್ಲಿ ಒಂದು ಕೋಣೆ ಹಿಡಿದು, ದೊಡ್ಡ ಲೀಗಿನಲ್ಲಿ ಆಡುವ ದಿನಕ್ಕಾಗಿ ಏಳು ವರ್ಷ ಕಾದವನು. ಇದೆಲ್ಲಾ ಅವಳಿಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಒಂದೇ. ಇವನು ಮತ್ತೆ ಓಡಿದರೆ ಸತ್ತೇ ಹೋಗುತ್ತಾನೆ!

ಬಿ.ಪಿ. ಇದ್ದವರಿಗೆ, ಕಾಲು ಊದಿದವರಿಗೆ ಬರೆಯುವ ನೀರಿನ ಮಾತ್ರೆಯ ಸ್ಟ್ರಿಪ್ ಅವಳ ಕೈಗೆ ಬಂದೇಬಿಟ್ಟಿತು. ಅದನ್ನು ನುಂಗಿದರೆ ಮೈಯಲ್ಲಿನ ನೀರು ಮೂತ್ರವಾಗಿ ಹೋಗುತ್ತದೆ, ತೂಕ ಇಳಿಯುತ್ತದೆ. ಚೀಟಿಯಿಲ್ಲದೆ ಕೊಡಬಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೊಟ್ಟಳು.

ಹತ್ತು ಮಾತ್ರೆಯಲ್ಲಿ ಎರಡನ್ನು ಕತ್ತರಿಸಿದಳು. ಕೈ ನಡುಗಿ ಕತ್ತರಿ ಸೊಟ್ಟಗೆ ಹೋಯಿತು. ಔಷಧಿಯ ಹೆಸರು, ತಾರೀಖು ಇರುವ ತುದಿ ಯಾವತ್ತೂ ಅಂಗಡಿಯಲ್ಲೇ ಉಳಿಯಬೇಕು, ಇಲ್ಲದಿದ್ದರೆ ಮಿಕ್ಕ ಮಾತ್ರೆ ಕಂಪನಿಗೆ ವಾಪಸ್ ಹೋಗುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಯೋಗಾನಂದ ಕಲಿಸಿದ ಮೊದಲ ಪಾಠವೇ ಅದು. ಹಾಗಾಗಿ ಬಾಳೇಶನಿಗೆ ಸಿಕ್ಕಿದ್ದು ಹೆಸರಿಲ್ಲದ ಬರೀ ಬೆಳ್ಳಿ ಹಾಳೆಯ ತುಂಡು.

ಅದನ್ನು ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ಬರೆದಳು: 'ಈಗ 1, ರಾತ್ರಿ 1. ಆಮೇಲೆ ಬೇಡ.'

"ಇದು ಏನ್ ಮಾತ್ರಿರಿ?"

"ನೀರಿನ ಮಾತ್ರೆ. ಏನೂ ಆಗಲ್ಲ," ಎಂದಳು ಬಿಂದುಶ್ರೀ.

ಏನೂ ಆಗಲ್ಲವಂತೆ! ಎಷ್ಟು ಸಲೀಸಾಗಿ ಅಂದುಬಿಟ್ಟಳು ಹುಡುಗಿ...

* * *

ಬಾಳೇಶ ಟೀಮಿಗೆ ಆಯ್ಕೆಯಾದ. ಮರುದಿನವೇ ಬೆಳಗಾವಿ ಕುಂದಾ ಹಿಡಿದು ಬಂದ. ಆಮೇಲೆ ಮೊಣಕಾಲಿಗೆ ಸುತ್ತುವ ಬ್ಯಾಂಡೇಜಿಗೆ ಬಂದ. ನೋವಿನ ಸ್ಪ್ರೇಗೆ ಬಂದ. ಕೊನೆಗೆ ಏನೂ ಬೇಡವಾಗಿದ್ದರೂ ಬಂದು, ಅಂಗಡಿ ಮುಂದಿನ ತೂಕದ ಯಂತ್ರದ ಮೇಲೆ ನಿಂತು, "ಎಷ್ಟ್ ಐತಿ ನೋಡ್ರಿ," ಎನ್ನತೊಡಗಿದ. ಎದುರಿನ ಹೂವಿನ ಪಟಾಲಮ್ಮನಿಗೂ ವಿಷಯ ಅರ್ಥವಾಗಿತ್ತು. ಅರ್ಥವಾಗದಂತೆ ನಟಿಸುತ್ತಿದ್ದವರು ಇವರಿಬ್ಬರೇ.

ಜೂನ್ ತಿಂಗಳ ಒಂದು ಬೆಳಿಗ್ಗೆ ಬಿಂದುಶ್ರೀಯ ಮೊಬೈಲಿನಲ್ಲಿ ಸುದ್ದಿ ಬಂತು. ಕಬಡ್ಡಿ ರೈಡರ್ ಬಾಳೇಶ ಆಯ್ಕೆಯ ದಿನ ಕೊಟ್ಟ ಮೂತ್ರದಲ್ಲಿ ನಿಷೇಧಿತ ಔಷಧಿ ಪತ್ತೆ. ನಾಲ್ಕು ವರ್ಷ ನಿಷೇಧ ಸಾಧ್ಯತೆ.

ಕೆಳಗೆ ಔಷಧಿಯ ಹೆಸರಿತ್ತು.

ಅವಳು ಕತ್ತರಿಸಿ ಕೊಟ್ಟ ಅದೇ ನೀರಿನ ಮಾತ್ರೆ! ಮೈ ಬೆಳೆಸುವ ಔಷಧಿ ತಗೊಂಡವರು ಅದನ್ನು ಮೈಯಿಂದ ತೊಳೆದುಕೊಳ್ಳಲು ಈ ಮಾತ್ರೆ ಬಳಸುತ್ತಾರಂತೆ, ಅದಕ್ಕೇ ನಿಷೇಧವಂತೆ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ...

ಅವಳು ಯೋಗಾನಂದನಿಗೆ ಎಲ್ಲಾ ಹೇಳಿದಳು. ಅವನು ಗೋಡೆಯ ಮೇಲಿದ್ದ ಅವಳ ಫಾರ್ಮಸಿಸ್ಟ್ ಸರ್ಟಿಫಿಕೇಟನ್ನೇ ದಿಟ್ಟಿಸಿದ.

"ಬಾಯಿ ಬಿಟ್ಟೆ ಅಂದ್ರೆ ನಿನ್ ರಿಜಿಸ್ಟ್ರೇಷನ್ ಹೋಗುತ್ತೆ, ನನ್ ಲೈಸೆನ್ಸೂ ಹೋಗುತ್ತೆ. ನೀನು ಯಾರಿಗೂ ಏನೂ ಕೊಟ್ಟಿಲ್ಲ. ತಿಳೀತಾ?"

ಅವಳು ತಲೆಯಾಡಿಸಿದಳು. ಉಳಿದ ಎಂಟು ಮಾತ್ರೆಯ ಸ್ಟ್ರಿಪ್ಪನ್ನು ಡ್ರಾಯರಿನಿಂದ ಕದ್ದು ಬ್ಯಾಗಿಗೆ ಹಾಕಿಕೊಂಡಳು. ಕೆರೆಗೆ ಎಸೆಯಲೆಂದು ಮೂರು ಸಂಜೆ ಹೋದಳು. ಮೂರು ಸಂಜೆಯೂ ವಾಪಸ್ ತಂದಳು.

ಆಮೇಲಿನ ದಿನಗಳಲ್ಲಿ ಅವಳು ಭಯದಲ್ಲೇ ಬದುಕಿದಳು. ಬೈಕ್ ನಿಂತರೆ ಡ್ರಗ್ ಇನ್‌ಸ್ಪೆಕ್ಟರ್! ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಪೊಲೀಸ್! ಅಮ್ಮ ಮುನಿತಾಯಮ್ಮ "ಯಾಕೇ ಅನ್ನ ಕಲಸ್ಕೊಂಡು ಕೂತಿದೀಯ?" ಎಂದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ಬಾಳೇಶ ಎದುರಾದ. ಅವಳು ಹೆಜ್ಜೆ ಮುಂದಿಟ್ಟಳು. ಅವನು ಅವಳನ್ನು ನೋಡಿದ... ನೋಡಿ, ಮುಖ ತಿರುಗಿಸಿ ರಸ್ತೆ ದಾಟಿ ಹೊರಟೇಹೋದ!

'ಮುಗೀತು. ನನ್ನ ಮೇಲೆ ಕೋಪ ಅವರಿಗೆ. ಇರಲ್ವಾ ಮತ್ತೆ? ವಿಚಾರಣೆಯಲ್ಲಿ ನನ್ನ ಹೆಸರು ಹೇಳೇ ಹೇಳ್ತಾರೆ...'

* * *

ವಾರದ ನಂತರ ಫುಡ್ ಡೆಲಿವರಿ ಬ್ಯಾಗ್ ಹೊತ್ತ ಹುಡುಗನೊಬ್ಬ ತಲೆನೋವಿನ ಮಾತ್ರೆಗೆ ಬಂದ. ಬಾಳೇಶನ ಕೋಣೆಯ ಜೊತೆಗಾರ ಕಲ್ಮೇಶ್. ಒಂದೆರಡು ಸಲ ಅವನ ಜೊತೆ ಬಂದಿದ್ದರಿಂದ ಅವಳಿಗೆ ಗುರುತಿತ್ತು.

"ಅವರು... ಹೇಗಿದಾರೆ?"

"ಹೆಂಗಿರ್ತಾನ್ರಿ? ನಾಳೆ ಮೂರಕ್ಕ ಕಡೀ ವಿಚಾರಣಿ. ರಾಜಾಜಿನಗರದಾಗ ಸುಬ್ರಮಣಿ ವಕೀಲರ ಆಫೀಸಿನ್ಯಾಗ ಕುಂತು ವಿಡಿಯೋದಾಗ ಮಾತಾಡಬೇಕು. ಮಾತ್ರಿ ಎಲ್ಲಿಂದ ಬಂತು ಅಂತ ತೋರಿಸಿದ್ರ ಶಿಕ್ಷಾ ಕಡಿಮಿ ಆಕ್ಕೈತಂತ. ಈ ಮಗ ಗೊತ್ತಿಲ್ಲ ಅಂತ ಕುಂತಾನ! ಯಾವ ಮೆಡಿಕಲ್‌ದಾಗ ತಗೊಂಡಿ ಅಂತ ನನಗೂ ಹೇಳವಲ್ಲ!"

ಬಿಂದುಶ್ರೀಯ ಕೈಯಲ್ಲಿದ್ದ ಚಿಲ್ಲರೆ ಗಾಜಿನ ಮೇಲೆ ಉರುಳಿತು.

"ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಮೈ ಬೆಳೆಸಿದವಗೂ ನಾಕ್ ವರ್ಷ, ಎರಡು ಮಾತ್ರಿ ನುಂಗಿದ ಇವಗೂ ನಾಕ್ ವರ್ಷ. ಇದ್ಯಾವ ನ್ಯಾಯ ಹೇಳ್ರಿ? ಇಪ್ಪತ್ತೇಳು ಅವಗ. ಮೂವತ್ತೊಂದಕ್ಕ ಯಾರ್ ಕರೀತಾರ ರೈಡ್ ಮಾಡಾಕ?"

ಅವನು ಹೋದ ಮೇಲೂ ಅವಳು ಹಾಗೇ ನಿಂತಿದ್ದಳು.

ಬಸ್ ಸ್ಟಾಪಿನಲ್ಲಿ ಬಾಳೇಶ ಮುಖ ತಿರುಗಿಸಿದ್ದು ಕೋಪಕ್ಕಲ್ಲ! ತನ್ನ ಜೊತೆ ಅವಳನ್ನು ಯಾರೂ ನೋಡಬಾರದು ಎಂದು... ಛೆ! ಇಷ್ಟು ದಿನ ತಾನು ಹೆದರಿದ್ದು ತನಗಾಗಿ ಮಾತ್ರ. ಅವನಿಗಾಗಿ ಒಂದು ದಿನವೂ ಹೆದರಿರಲಿಲ್ಲ. ಆ ನಾಚಿಕೆ ಅವಳ ಭಯಕ್ಕಿಂತ ದೊಡ್ಡದಾಗಿತ್ತು.

* * *

ಮರುದಿನ ಮಧ್ಯಾಹ್ನ ಅವಳು ಬಸ್ಸು ಹತ್ತಿದಳು. ವಿಜಯನಗರ ದಾಟುವಾಗ ಇಳಿದುಬಿಡೋಣ ಅನ್ನಿಸಿತು. ಬಸವೇಶ್ವರನಗರದಲ್ಲಿ ಸೀಟು ಬಿಟ್ಟು ಎದ್ದೇ ನಿಂತಳು. ಬ್ಯಾಗಿನೊಳಗೆ ಕೈಬಿಟ್ಟು ಆ ಸ್ಟ್ರಿಪ್ ಹಿಡಿದುಕೊಂಡಳು. ಮತ್ತೆ ಕೂತಳು.

ಸುಬ್ರಮಣಿ ವಕೀಲರ ಆಫೀಸಿನ ಬಾಗಿಲು ತಳ್ಳಿದಾಗ ಲ್ಯಾಪ್‌ಟಾಪಿನ ಪರದೆಯಲ್ಲಿ ವಿಚಾರಣಾ ಸಮಿತಿಯ ಮೂವರು ಕಾಣುತ್ತಿದ್ದರು. ಎದುರಿಗೆ ಬಾಳೇಶ. ಅವಳನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಆ ಮಾತ್ರೆ ಕೊಟ್ಟಿದ್ದು ನಾನು," ಎಂದಳು. ದನಿ ಅವಳದ್ದೇ ಅಲ್ಲವೆನ್ನುವಷ್ಟು ನಡುಗುತ್ತಿತ್ತು.

ಬಾಳೇಶ ಕುರ್ಚಿ ದೂಡಿ ಎದ್ದ. "ಇಲ್ರಿ! ಈಕಿ ಯಾರೋ ನನಗ ಗೊತ್ತಿಲ್ಲ! ಯಾವತ್ತೂ ನೋಡಿಲ್ಲ ನಾ!"

"ಬಾಳೇಶ್..."

"ಮನಿಗಿ ಹೋಗ್ರಿ ನೀವು! ಕೈ ಮುಗೀತೀನಿ, ಹೋಗ್ರಿ!"

ಪರದೆಯಲ್ಲಿದ್ದ ಹೆಂಗಸು ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ, ಹೀಗೆ ಹೇಳೋಕೆ ಯಾರು ಬೇಕಾದ್ರೂ ಬರಬಹುದು. ಸಾಕ್ಷಿ ಏನಿದೆ?"

ಬಿಂದುಶ್ರೀ ಎಂಟು ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು. ಕತ್ತರಿಸಿ ಕೊಟ್ಟ ತುಂಡು? ಅದನ್ನು ಅವನು ಯಾವತ್ತೋ ಎಸೆದಿರಬೇಕು... ಅಷ್ಟರಲ್ಲಿ ಅವಳ ಕಣ್ಣು ಬಾಳೇಶನ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಅದರ ಪಾರದರ್ಶಕ ಕವರಿನ ಹಿಂದೆ ಮಡಿಸಿಟ್ಟ ಒಂದು ಪುಟ್ಟ ಕಾಗದ. ನೀಲಿ ಇಂಕು. ಅವಳದ್ದೇ ಅಕ್ಷರ!

"ಫೋನ್ ಕೊಡಿ."

ಅವನು ಫೋನನ್ನು ಎದೆಗೆ ಒತ್ತಿಕೊಂಡ. ಏಳು ಜನ ಹಿಡಿದರೂ ಬಿಡಿಸಿಕೊಂಡು ಬರುವ ರೈಡರ್... ಅವಳು ಕೈಚಾಚಿದಾಗ ಸೋತುಹೋದ.

ಕಾಗದದ ಕವರಿನೊಳಗೆ ಖಾಲಿ ಬೆಳ್ಳಿ ಹಾಳೆಯಿತ್ತು. ಅವಳು ಅದನ್ನು ಸ್ಟ್ರಿಪ್ಪಿನ ಪಕ್ಕ ಇಟ್ಟು ಮೆಲ್ಲಗೆ ಸರಿಸಿದಳು. ಅವತ್ತು ನಡುಗುವ ಕೈಯಲ್ಲಿ ಸೊಟ್ಟಗೆ ಕತ್ತರಿಸಿದ ಅಂಚು ಒಂದಕ್ಕೊಂದು ಕೂಡಿಕೊಂಡಿತು. ವಕೀಲರು ಲ್ಯಾಪ್‌ಟಾಪನ್ನು ಬಗ್ಗಿಸಿ ತೋರಿಸಿದರು.

"ನಿಮ್ಮ ಮೇಲೆ ಕ್ರಮ ಆಗುತ್ತೆ. ಗೊತ್ತಾ?" ಎಂದರು ಆ ಹೆಂಗಸು.

"ಗೊತ್ತು ಮೇಡಂ. ತುಂಬಾ ಭಯ ಆಗ್ತಿದೆ. ಆದ್ರೂ ನಾನೇ ಕೊಟ್ಟಿದ್ದು."

"ಬಾಳೇಶ್, ಇದನ್ನ ಯಾಕೆ ಮುಚ್ಚಿಟ್ಟಿರಿ?"

ಅವನು ತಲೆ ತಗ್ಗಿಸಿದ. "ಮೋಸ ನಂದ್ರಿ ಮೇಡಂ. ರೇವಣಸಿದ್ದ ಅಂತ ಇನ್ನೊಬ್ಬ ರೈಡರ್ ಇದ್ದ. ತಿಂಗಳಗಟ್ಟಲೆ ರೊಟ್ಟಿ ಎಣಿಸಿ ತಿಂದು ತೂಕ ಇಳಿಸಿದ್ದ. ನಾ ಎರಡು ಮಾತ್ರಿ ನುಂಗಿ ಅವನ ಜಾಗಾ ಕಸಗೊಂಡೆ. ಹೊಟ್ಟಿಗೆ ಏನ್ ಹೋಗಾಕತ್ತೈತಿ ಅಂತ ಪೂರಾ ತಿಳಕೊಳ್ಳೂದು ನನ್ನ ಕೆಲಸಿತ್ತು. ನನಗ ಶಿಕ್ಷಾ ಆಗ್ಲಿ. ಈಕಿಗೆ ಬ್ಯಾಡ."

"ಶಿಕ್ಷೆನೇ ಬೇಡ ಅಂತ ನಾನೂ ಹೇಳ್ತಿಲ್ಲ," ಎಂದಳು ಬಿಂದುಶ್ರೀ. ಈಗ ದನಿ ನಡುಗಲಿಲ್ಲ. "ಅವರು ಮಾಡಿದಷ್ಟಕ್ಕೆ ಕೊಡಿ. ನಾನು ಮಾಡಿದ್ದಕ್ಕೆ ನನಗೆ ಕೊಡಿ. ಬೇರೆಯವರು ವರ್ಷಗಟ್ಟಲೆ ಮಾಡಿದ ಮೋಸದ ಲೆಕ್ಕ ಇವರ ತಲೆಗೆ ಕಟ್ಟಬೇಡಿ ಮೇಡಂ."

ಪರದೆಯ ಮೇಲಿನ ಮೂವರೂ ಏನೋ ಬರೆದುಕೊಂಡರು. ಆದೇಶ ಆಮೇಲೆ ಕಳಿಸುತ್ತೇವೆ ಎಂದು ಕರೆ ಕಡಿದರು.

* * *

ಹದಿನೆಂಟು ದಿನ. ಹದಿನೆಂಟು ದಿನವೂ ಫೋನ್ ಸದ್ದಾದರೆ ಅವಳ ಉಸಿರು ನಿಲ್ಲುತ್ತಿತ್ತು. ಯೋಗಾನಂದ ಗೋಡೆಯಿಂದ ಸರ್ಟಿಫಿಕೇಟ್ ಬಿಚ್ಚಿ ಅವಳ ಕೈಗಿತ್ತಿದ್ದ. ಫಾರ್ಮಸಿ ಕೌನ್ಸಿಲಿನಿಂದ ಮೂರು ತಿಂಗಳ ಅಮಾನತಿನ ಪತ್ರ ಬಂತು. ಬಾಳೇಶನಿಂದ ಮಾತ್ರ ಸುದ್ದಿಯಿಲ್ಲ.

ಹತ್ತೊಂಬತ್ತನೇ ಬೆಳಿಗ್ಗೆ ಪಟಾಲಮ್ಮ ಮನೆ ಬಾಗಿಲಿಗೇ ಬಂದು ಕೂಗಿದಳು. "ಬಿಂದೂ, ಆ ಮಳೆಕೋಟಿನವ್ನು ಕೆರೆ ಹತ್ರ ಕಾಯ್ತಾವ್ನೆ ನೋಡು!"

ಕೆರೆಯ ದಂಡೆಯ ಬೆಂಚಿನ ಮೇಲೆ ಅವನು ಕೂತಿದ್ದ. ಮಳೆಕೋಟಿರಲಿಲ್ಲ, ಹಳೇ ಟೀ ಶರ್ಟು. ಪಕ್ಕದಲ್ಲಿ ನೀರಿನ ಬಾಟಲಿ.

"ಎಷ್ಟು?" ಎಂದಳು.

"ಹದಿನಾಕ್ ತಿಂಗಳು."

ನಾಲ್ಕು ವರ್ಷ ಅಲ್ಲ! ಅವಳು ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಏನು ಮಾಡಬೇಕೋ ತಿಳಿಯದೆ ನೀರಿನ ಬಾಟಲಿ ಮುಂದೆ ಹಿಡಿದ.

"ಇಷ್ಟು ದಿನ ಯಾಕ್ರೀ ಫೋನ್ ಮಾಡ್ಲಿಲ್ಲ? ನಾನಿಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ!"

"ಹೆದರಿಕಿ ಆಗಿತ್ತು. ನನ್ನಿಂದ ನಿಮ್ಮ ನೌಕರಿ ಹೋತು. ಯಾವ ಮುಖ ಇಟಕೊಂಡು ಮಾಡ್ಲಿ? ರೇವಣಸಿದ್ದನ ಮನಿಗಿ ಹೋಗಿದ್ದೆ ಮೊದಲ. ತಪ್ಪಾತು ಅಂದೆ."

"ಏನಂದ್ರು?"

"ಬೈದ. ಚಾ ಕುಡಿಸಿದ. ನನ್ನ ಜಾಗಾದಾಗ ಈಗ ಅವನ ಆಡಾಕತ್ತಾನ."

ಕೆರೆಯ ಮೇಲಿಂದ ಗಾಳಿ ಬರುತ್ತಿತ್ತು.

"ಹದಿನಾಲ್ಕು ತಿಂಗಳಾದ್ಮೇಲೆ ಮತ್ತೆ ಕರೀತಾರಾ ನಿಮ್ಮನ್ನ?"

"ಗೊತ್ತಿಲ್ಲ. ಕರೀಲಿಲ್ಲ ಅಂದ್ರ ಏನ್ ಮಾಡ್ಲಿ ಅಂತ ನೆನಸಿದ್ರ ಕೈಕಾಲು ತಣ್ಣಗಾಗತಾವು."

"ನನಗೂ. ಮೂರು ತಿಂಗಳಾದ್ಮೇಲೆ ಯಾರು ಕೆಲಸ ಕೊಡ್ತಾರೋ..." ಅವಳು ಕಣ್ಣೊರೆಸಿಕೊಂಡಳು. "ಅವತ್ತು ಎಲ್ಲರ ಮುಂದೆ, ಈಕೆ ಯಾರೋ ಗೊತ್ತಿಲ್ಲ ಅಂದ್ರಲ್ಲಾ? ನಾಳೆ ಇನ್ಯಾರಾದ್ರೂ ಕೇಳಿದ್ರೂ ಹಾಗೇ ಅಂತೀರಾ?"

ಬಾಳೇಶನ ಕಿವಿ ಕೆಂಪಾಯಿತು. "ಯಾರರ ಕೇಳೂಕಿಂತ ಮೊದಲ ನಮ್ಮವ್ವಗ ಹೇಳೇನಿ, ನೀ ಯಾರಂತ."

ರೀ ಹೋಗಿ ನೀ ಬಂದದ್ದು ಅವಳಿಗೆ ಕೇಳಿಸಿತು. ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಈ ಸಲ ಬೇರೆಯದೇ ಭಯ.

"ಏ... ಏನಂದ್ರು ಅಮ್ಮ?"

"ಮಾತ್ರಿ ಕೊಟ್ಟು ನಿನ್ನ ಮನಿಗಿ ಕುಂಡ್ರಿಸಿದಾಕಿ ಈಕಿನ ಏನೋ, ಅಂದ್ಲು."

ಬಿಂದುಶ್ರೀಯ ಮುಖ ಬಾಡಿತು. "ಆಮೇಲೆ?"

"ಹೌದವ್ವಾ, ಆದ್ರ ತಾನೂ ಮನಿಗಿ ಕುಂತಾಳ ನನಗಾಗಿ, ಅಂದೆ." ಅವನು ಮೊದಲ ಬಾರಿಗೆ ಅವಳ ಕೈ ಹಿಡಿದ. "ಹಂಗಾರ ಇಬ್ರೂ ಖಾಲಿ ಅದೀರಿ, ಯಾವಾಗ ಕರಕೊಂಡು ಬರ್ತಿ ಅಂದ್ಲು."

ಬಿಂದುಶ್ರೀ ಕೈ ಬಿಡಿಸಿಕೊಳ್ಳಲಿಲ್ಲ.

"ಭಾನುವಾರ ಗೋಕಾಕಕ್ಕೆ ಬಸ್ ಸಿಗುತ್ತಾ?" ಎಂದಳು.