ಒದ್ದೆ ಸಲಾಕೆ

"ದೂರ ಸರೀರಿ!"

ಸಿಂಧನೂರಿನ ದೊಡ್ಡಬಸಪ್ಪನವರ ಎರಕದ ಶೆಡ್ಡಿಗೆ ಮೊದಲ ಸಲ ಬಂದಿದ್ದ ಜಂಬಣ್ಣ, ಅವರ ಮಗಳಿಗೆ ಆಡಿದ ಮೊದಲ ಮಾತು ಅದು. ಕರಗಿದ ಅಲ್ಯೂಮಿನಿಯಂ ಇದ್ದ ಮೂಸೆಯ ಮೇಲೆ ಬಗ್ಗಿದ್ದ ಕಸ್ತೂರಿ ಬೆಚ್ಚಿ ಹಿಂದೆ ಸರಿದಳು.

ನಮ್ಮಪ್ಪನ ಶೆಡ್ಡಿನ್ಯಾಗ ನನಗ ಜೋರು ಮಾಡಾಕ ಇವನ್ಯಾರು? ಎದೆ ಡವಡವ ಅನ್ನುತ್ತಿತ್ತು... ಹೆದರಿಕೆಗೋ, ಅವನ ಕಣ್ಣಿಗೋ, ಅವಳಿಗೇ ತಿಳಿಯಲಿಲ್ಲ.

ಅದು ೧೯೯೪. ಜಂಬಣ್ಣ ಮಸ್ಕಿಯವನು, ಎಂ.ಟೆಕ್ ಓದುತ್ತಿದ್ದ. ಹಗುರಾದ ಅಲ್ಯೂಮಿನಿಯಂಗೆ ಕಲ್ಲಿನಂಥ ಗಟ್ಟಿ ಪುಡಿ ಬೆರೆಸಿ ಬೇಗ ಸವೆಯದ ಲೋಹ ಮಾಡುವುದು ಅವನ ಪ್ರಯೋಗ. ಅಕ್ಕಿ ಗಿರಣಿಗಳಿಗೆ ಪುಲ್ಲಿ ಎರಕ ಹೊಯ್ಯುತ್ತಿದ್ದ ದೊಡ್ಡಬಸಪ್ಪ ಒಂದು ಮೂಲೆ ಬಿಟ್ಟುಕೊಟ್ಟಿದ್ದರು.

ಕೈಯಲ್ಲಿ ಕಲಕಿದರೆ ಪುಡಿ ಗಂಟು ಕಟ್ಟುತ್ತಿತ್ತು, ಅಂಬಲಿಗೆ ಹಿಟ್ಟು ಸುರಿದ ಹಾಗೆ. ಅದಕ್ಕೇ ಅವನು ಒಂದು ಯಂತ್ರ ತಂದಿದ್ದ. ಅದರ ಸಲಾಕೆ ಕರಗಿದ ಲೋಹದಲ್ಲಿ ಇಳಿದು, ಕಿವಿಗೆ ಕೇಳದಂಥ ದನಿಯಲ್ಲಿ ಅದುರಿ, ಗಂಟುಗಳನ್ನೆಲ್ಲ ಒಡೆದು ಹರಡುತ್ತಿತ್ತು. ಪುಡಿ ಜರಡಿ ಹಿಡಿಯುವ ಕೆಲಸ ಕಸ್ತೂರಿ ತಾನಾಗಿಯೇ ಹಚ್ಚಿಕೊಂಡಳು. ಜರಡಿಯ ಮೇಲೆ ಕಣ್ಣಿಡಬೇಕಾದವಳು ಎಲ್ಲಿ ಕಣ್ಣಿಡುತ್ತಿದ್ದಳೆಂದು ಹೇಳಬೇಕಾಗಿಲ್ಲ!

ಅಮಾವಾಸ್ಯೆ ಬಂತು. ಅವತ್ತು ಇಕ್ಕಳ, ಸೌಟು, ಸುತ್ತಿಗೆ ಎಲ್ಲ ತೊಳೆದು ವಿಭೂತಿ ಹಚ್ಚಿ ಪೂಜಿಸುವುದು ಆ ಮನೆಯ ಪದ್ಧತಿ. ಜಂಬಣ್ಣನ ಸಲಾಕೆಯೊಂದನ್ನೇ ಬಿಡಲು ಕಸ್ತೂರಿಗೆ ಮನಸ್ಸಾಗಲಿಲ್ಲ. ಅವನಿಗೂ ಒಳ್ಳೇದಾಗಲಿ ಎಂದು ಅದನ್ನೂ ತೊಳೆದು, ಒರೆಸಿ, ವಿಭೂತಿ ಎಳೆದಳು. ತುದಿಯ ತಿರುಪಿನ ಸಂದಿಯಲ್ಲಿ ನೀರು ಉಳಿದದ್ದು ಗೊತ್ತಾಗಲಿಲ್ಲ.

ಪೂಜೆ ಮುಗಿದು ಸಲಾಕೆ ಮೂಸೆಗಿಳಿದದ್ದೇ ತಡ, ಸಂದಿಯ ನೀರು ಒಮ್ಮೆಲೇ ಆವಿಯಾಗಿ ಲೋಹ ಢಮ್ಮೆಂದು ಸಿಡಿಯಿತು. ಜಂಬಣ್ಣನ ಬಲಗೈ ಸುಟ್ಟಿತು.

ಒದ್ದೆ ಮಾಡಿದವರು ಯಾರೆಂದು ದೊಡ್ಡಬಸಪ್ಪ ಗುಡುಗಿದರು.

"ಪೂಜಿಗಂತ ನಾನೇ ತೊಳದಿದ್ನಿರಿ," ಅಂದ ಜಂಬಣ್ಣ.

ಕಸ್ತೂರಿ ಬಾಯಿ ತೆರೆಯುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಹೋಗುವಾಗ ಅವನು ಮುಖ ತಿರುವಿಕೊಂಡೇ ಹೋದ. ಇಂಥವನು ನನ್ನ ಶೆಡ್ಡಿಗೆ ಬೇಡ, ಯಂತ್ರ ಒಯ್ಯಲಿ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ನನ್ನ ಮಾರಿ ನೋಡಾಕೂ ಮನಸ್ಸಿಲ್ಲ ಅವರಿಗೆ... ಕೈ ವಾಸಿ ಆಗದಿದ್ರ? ಓದು ನಿಂತ್ರ? ಕಸ್ತೂರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಿಜ ಹೇಳಿದರೆ ಶೆಡ್ಡಿನ ಬಾಗಿಲು ತನಗೆ ಮುಚ್ಚುತ್ತದೆ. ಹೇಳದಿದ್ದರೆ ಅವನಿಗೆ ಮುಚ್ಚುತ್ತದೆ. ಕೊನೆಗೆ ಅಪ್ಪನ ಮುಂದೆ ಎಲ್ಲ ಹೇಳಿ ಅತ್ತಳು. ದೊಡ್ಡಬಸಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮಗಳನ್ನು ಕರೆದುಕೊಂಡು, ಆಸ್ಪತ್ರೆಯಿಂದ ಊರಿಗೆ ಹೋಗಿದ್ದ ಜಂಬಣ್ಣನನ್ನು ನೋಡಲು ಮಸ್ಕಿ ಬಸ್ಸು ಹತ್ತಿದರು.

ಅಪ್ಪ ಪಡಸಾಲೆಯಲ್ಲಿ ಜಂಬಣ್ಣನ ತಾಯಿ ಶೇಖರಮ್ಮನ ಜೊತೆ ಕೂತರು. ಹಿತ್ತಲ ಕಟ್ಟೆಯ ಮೇಲೆ ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಜಂಬಣ್ಣನ ಮುಂದೆ ಕಸ್ತೂರಿ ನಿಂತಳು.

"ಸಲಾಕಿ ತೊಳದಾಕಿ ನಾನ್ರೀ... ಅಪ್ಪಗ ಹೇಳೀನಿ. ಯಂತ್ರ ಒಯ್ಯಬ್ಯಾಡ ಅಂದಾರ."

"ಯಾಕ ಹೇಳಿದ್ರಿ? ನಿಮ್ಮನ್ನ ಶೆಡ್ಡಿಗೆ ಬಿಡಂಗಿಲ್ಲ ಅನ್ನೋ ಹೆದರಿಕಿಗೆ ನಾ ಸುಳ್ಳು ಹೇಳಿದ್ದೆ."

"ಮತ್ತ ಹೋಗುವಾಗ ಮಾರಿ ತಿರುವಿದ್ರಿ?"

"ಕಣ್ಣಾಗ ನೀರು ಬಂದಿತ್ತು. ನೀವು ನೋಡಬಾರದಂತ..." ಅವನು ತಲೆ ತಗ್ಗಿಸಿದ. "ತಪ್ಪು ನಂದು. ದಿನಾ ಸಲಾಕಿ ಕಾಸಿ ಒಣಗಿಸಿನೇ ಇಳಸ್ತಿದ್ದೆ. ಅವತ್ತು ಮರತೆ."

"ಹೆಂಗ ಮರತ್ರಿ?"

"ನೀವು ಆರತಿ ಹಿಡಕೊಂಡು ನಿಂತಿದ್ರಿ. ನಿಮ್ಮನ್ನ ನೋಡಾಕತ್ತಿದ್ದೆ."

ಕಸ್ತೂರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಶೇಖರಮ್ಮ ಮಗನಿಗೆ ರೊಟ್ಟಿ ಪಲ್ಯ ತಂದಿಟ್ಟು, ಏನೂ ಕಾಣದವರಂತೆ ಒಳಗೆ ಹೋದರು. ಜಂಬಣ್ಣ ಎಡಗೈಯಲ್ಲಿ ರೊಟ್ಟಿ ಮುರಿಯಲು ಹೆಣಗಿದ. ಕಸ್ತೂರಿ ತಾಟು ಎಳೆದುಕೊಂಡು, ತುತ್ತು ಮಾಡಿ, ಅವನ ಬಾಯಿಯ ಬಳಿ ಹಿಡಿದಳು.

"ಕೈ ವಾಸಿ ಆಗೋತನಕ ನಾ ತಿನಸ್ತೀನ್ರಿ."

"ಆಮ್ಯಾಲೆ?"

"ಅದನ್ನ ನಮ್ಮಪ್ಪಗ ಕೇಳ್ರಿ. ಪಡಸಾಲಿಯೊಳಗ ಕುಂತಾರ."