ಒರೆಸಿಟ್ಟ ಪಿಟೀಲು

"ಕಳ್ಳತನವಾಗಿದೆ" ಎಂದು ಆಕೆ ತೋರಿಸಿದ ಗಾಜಿನ ಪೆಟ್ಟಿಗೆಯಲ್ಲಿ ಪಿಟೀಲು ಇತ್ತು. ಕಮಾನೂ ಇತ್ತು. ಬೀಗ ಮುರಿದಿರಲಿಲ್ಲ.

"ಏನಮ್ಮಾ ಹೋಗಿರೋದು?" ನಮ್ಮ ಇನ್ಸ್‌ಪೆಕ್ಟರ್ ಕೇಳಿದರು.

"ಪುಡಿ."

ಅವರ ಸಹಾಯಕನಾದ ನನಗೆ ನಗು ಬಂತು. ಮರುಕ್ಷಣ ನಾಚಿಕೆಯಾಯಿತು. ಕಮಾನಿಗೆ ಉಜ್ಜಿದ ರಾಳ ನುಡಿಸುವಾಗ ಉದುರಿ ತಂತಿಗಳ ಕೆಳಗೆ ಬೆಳ್ಳಗೆ ಕೂರುತ್ತದೆ. ಆಕೆಯ ಮಗಳು ತನ್ನ ಕಾರ್ಯಕ್ರಮ ಮುಗಿಸಿ, ಪಿಟೀಲು ಒರೆಸದೆ ಗೆಳತಿಯರ ಹಿಂದೆ ಓಡಿದ್ದಳು. ಹೊರಗಿನ ರಸ್ತೆಯಲ್ಲೇ ಲಾರಿಗೆ ಸಿಕ್ಕಿದಳು. ಆ ಪುಡಿಯನ್ನು ಯಾರೂ ಮುಟ್ಟಕೂಡದೆಂದು ತಾಯಿ ಹಟ ಹಿಡಿದು ಈ ಪೆಟ್ಟಿಗೆ ಮಾಡಿಸಿದ್ದರು.

ಈ ಸಂಗೀತ ಶಾಲೆ ಒಂದು ಕಾಲದಲ್ಲಿ ಅಂಚೆ ಕಚೇರಿ. ಟಪಾಲು ವಿಂಗಡಿಸುತ್ತಿದ್ದ ಕೋಣೆಗಳಲ್ಲಿ ಈಗ ಅಭ್ಯಾಸ. ಪಕ್ಕದವರ ಅಪಸ್ವರ ಇತ್ತ ಬಾರದಿರಲೆಂದು ಗೋಡೆಗೆಲ್ಲ ದಪ್ಪ ಕಂಬಳಿ. ಮೂಟೆ ಇಳಿಸುತ್ತಿದ್ದ ಅಂಗಳಕ್ಕೆ ಚಾವಣಿ ಹಾಕಿ ಸಭಾಂಗಣ ಮಾಡಿದ್ದಾರೆ. ಅದರ ಬಾಗಿಲಲ್ಲೇ ಪೆಟ್ಟಿಗೆ. ಬೀಗದ ಕೈ ಆಫೀಸಿನ ಮೊಳೆಯಲ್ಲಿ. ರಜೆಗೆ ಮುಂಚೆ ಪುಡಿ ಇತ್ತು. ರಜೆಯಲ್ಲಿ ಇಲ್ಲಿಗೆ ಬಂದುಹೋದವರು ಮೂವರೇ.

ಪ್ರಿನ್ಸಿಪಾಲರು ಪಿಯಾನೋದವರು. "ಗುಡಿಸೋಳು ಒರೆಸಿರ್ತಾಳೆ ಬಿಡಿ ಸಾರ್. ಪುಡಿಗೆ ಇಷ್ಟೊಂದು ರಾದ್ಧಾಂತವೇ?"

"ನಾನ್ಯಾಕೆ ಮುಟ್ಲಿ?" ಗುಡಿಸುವಾಕೆ ಸಿಡಿದಳು. "ಆ ಮಗು ದಿನಾ ನನ್ನ ಪೊರಕೆ ಬಚ್ಚಿಡ್ತಿತ್ತು. ಆ ಪೆಟ್ಟಿಗೆ ಕಂಡ್ರೇ ನಂಗೆ ಕರುಳು ಚುರುಕ್ ಅನ್ನತ್ತೆ."

ಮೂರನೆಯವರು ಪಿಟೀಲು ಮೇಷ್ಟ್ರು — ಹುಡುಗಿಯ ತಂದೆ. ಹೆಂಡತಿಯ ಪಕ್ಕದಲ್ಲಿ ನಿಂತಿದ್ದರು.

ಇನ್ಸ್‌ಪೆಕ್ಟರ್ ಗಾಜಿಗೆ ಮೂಗು ತಾಗಿಸಿದರು. "ಧೂಳು ಹೊಡೆಯೋರು ಎಲ್ಲಾ ಕಡೆ ಹೊಡೀತಾರೆ. ಇಲ್ಲಿ ಪಿಟೀಲಿನ ತಲೆ ಮೇಲೆ ಧೂಳು ಹಾಗೇ ಇದೆ. ತಂತಿ, ತಂತಿ ಕೆಳಗೆ ಮಾತ್ರ ಸ್ವಚ್ಛ. ಬಿರಡೆ ಮೇಲೆ ಬೆರಳಿನ ಗುರುತು — ಶ್ರುತಿ ಮಾಡಿದ್ದಾರೆ. ಮೇಷ್ಟ್ರೇ, ಹೊಸಬರಿಗೆ ಮೊದಲ ದಿನ ಏನು ಕಲಿಸ್ತೀರಿ?"

"ನುಡಿಸಿದ ಮೇಲೆ..." ಮೇಷ್ಟ್ರ ಕೈ ಜೇಬಿನತ್ತ ಹೋಯಿತು.

"ಒರೆಸೋದು. ಅಲ್ವಾ? ಪಿಯಾನೋದವರಿಗೆ ಆ ಅಭ್ಯಾಸ ಇಲ್ಲ, ಗುಡಿಸೋರಿಗೆ ಶ್ರುತಿ ಗೊತ್ತಿಲ್ಲ. ನೀವೇ ನುಡಿಸಿದ್ರಿ. ಕೈ ತಾನಾಗೇ ಒರೆಸಿಬಿಡ್ತು."

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. "ಅದರ ದನಿ ಮರೆತೇ ಹೋಗ್ತಿತ್ತು ಕಣೇ. ಒಂದೇ ಒಂದು ಸಲ ಕೇಳ್ಬೇಕು ಅನ್ನಿಸ್ತು. ಮುಗಿಸಿ ನೋಡಿದ್ರೆ ಕೈಯಲ್ಲಿ ಬಟ್ಟೆ... ಅವತ್ತು ಅವಳಿಗೂ ಕೂಗಿದ್ದೆ, ‘ಒರೆಸಿಟ್ಟು ಹೋಗೇ’ ಅಂತ. ಮಾತು ಕೇಳಿದ್ದಿದ್ರೆ ಉಳೀತಿದ್ಲು."

ಜೇಬಿನಿಂದ ಮಡಿಚಿದ ಬಟ್ಟೆ ತೆಗೆದರು. ಒದರಿರಲಿಲ್ಲ, ಒಗೆದಿರಲಿಲ್ಲ. ನಡುವೆ ಬೆಳ್ಳನೆಯ ಪುಡಿ — ಮಗಳು ನುಡಿಸಿದಾಗ ಉದುರಿದ್ದು, ಅಪ್ಪ ನುಡಿಸಿದಾಗ ಉದುರಿದ್ದು.

ಆಕೆ ಬೈಯಲಿಲ್ಲ. ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಅವಳದು ಯಾವುದು, ರೀ?"

ಅದನ್ನು ಪತ್ತೆ ಮಾಡಲು ನಮ್ಮ ಇನ್ಸ್‌ಪೆಕ್ಟರಿಗೂ ಆಗಲಿಲ್ಲ.